ಮಗುವಿನ ಮೈಯನ್ನು ಓದುವುದು: ತಿರುಮಲೈ ಕೃಷ್ಣಮಾಚಾರ್ಯರ ಬದುಕು

ಈ ಬಾರಿಯ ಬೋಧನಾಭ್ಯಾಸಕ್ಕೆ ನಮ್ಮ ತಂಡ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋಯಿತು. ನನ್ನ ಪಾಲಿಗೆ ಬಂದದ್ದು ಕೆ.ಆರ್. ನಗರದ ಕಡೆಯ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ಆಹಾರ, ವ್ಯಾಯಾಮ ಮತ್ತು ಬೊಜ್ಜು ಕುರಿತು ಮೂರು ಅವಧಿಗಳ ಪಾಠ ಯೋಜನೆ ಬರೆಯುವಾಗ, ಪೀಠಿಕೆಗೆ ಒಬ್ಬರ ಜೀವನವನ್ನೇ ಇಟ್ಟುಕೊಳ್ಳೋಣ ಎನಿಸಿತು. ಕ್ಯಾಲರಿಯ ಲೆಕ್ಕ ಮಕ್ಕಳ ಕಿವಿಗೆ ಬಿದ್ದು ಹೋಗುತ್ತದೆ, ಕಥೆ ಮನಸ್ಸಿನಲ್ಲಿ ನಿಲ್ಲುತ್ತದೆ. ನಮ್ಮ ಮೈಸೂರಿನಲ್ಲೇ ಸುಮಾರು 90 ವರ್ಷಗಳ ಹಿಂದೆ ಹುಡುಗರಿಗೆ ದಿನವೂ ಮೈ ಬಗ್ಗಿಸಲು ಕಲಿಸಿದ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರನ್ನು ಆರಿಸಿಕೊಂಡೆ.

ಬಾಲ್ಯ ಮತ್ತು ಓದು

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ತಂದೆಯೇ ಮೊದಲ ಗುರು. ಬಾಲ್ಯದಲ್ಲೇ ತಂದೆ ತೀರಿಕೊಂಡಾಗ ಕುಟುಂಬ ಮೈಸೂರಿಗೆ ಬಂತು. ಅಲ್ಲಿನ ಪರಕಾಲ ಮಠದ ಆಶ್ರಯದಲ್ಲಿ ಸಂಸ್ಕೃತದ ಓದು ಮುಂದುವರಿಯಿತು. ಆಮೇಲೆ ಕಾಶಿಯಲ್ಲಿ ವ್ಯಾಕರಣ, ತರ್ಕ, ದರ್ಶನಗಳ ಅಧ್ಯಯನ. ಅವರೇ ಹೇಳಿಕೊಂಡಂತೆ, ಹಿಮಾಲಯದ ಆಚೆ ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷಕ್ಕೂ ಹೆಚ್ಚು ಕಾಲ ಯೋಗ ಕಲಿತರು.

ಇಷ್ಟು ಓದಿದವರಿಗೆ ದೊಡ್ಡ ಹುದ್ದೆ ಕಾದಿರಲಿಲ್ಲ. ಯೋಗ ಕಲಿಸುವುದನ್ನು ಕಸುಬಾಗಿ ಮಾಡಿಕೊಂಡವರಿಗೆ ಆ ಕಾಲದಲ್ಲಿ ಸಂಬಳವೂ ಇರಲಿಲ್ಲ, ಮರ್ಯಾದೆಯೂ ಕಡಿಮೆ. ನಾಮಗಿರಿಯಮ್ಮನವರನ್ನು ಮದುವೆಯಾದ ಮೇಲೆ ಸಂಸಾರ ನಡೆಸಲು ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಕೆಲಸ ಮಾಡಿದರು. ಬಿಡುವಾದಾಗ ಊರೂರಿನಲ್ಲಿ ಉಪನ್ಯಾಸ ಮಾಡುತ್ತ ಆಸನಗಳನ್ನು ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಇಂಥದೊಂದು ಪ್ರಾತ್ಯಕ್ಷಿಕೆ ನೋಡಿದ ಹನ್ನೆರಡರ ಹುಡುಗನೊಬ್ಬ ಅವರ ಬೆನ್ನು ಹತ್ತಿದ. ಆತನೇ ಮುಂದೆ ಲೋಕಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸ್.

ಜಗನ್ಮೋಹನ ಅರಮನೆಯ ಯೋಗಶಾಲೆ

ಕೆ.ಆರ್. ನಗರಕ್ಕೆ ಯಾರ ಹೆಸರಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು ಕುದುರೆ ಸವಾರಿ, ಪೋಲೋ, ಟೆನಿಸ್ ಬಲ್ಲವರು. ಅವರ ಆಳ್ವಿಕೆಯಲ್ಲೇ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತ್ತು. ಮಕ್ಕಳು ಶಾಲೆಗೆ ಬಂದರೆ ಸಾಲದು, ಅವರ ದೇಹವೂ ಗಟ್ಟಿಯಾಗಬೇಕೆಂಬ ಕಾಳಜಿ ಆ ಕಾಲದ ಮೈಸೂರಿನಲ್ಲಿತ್ತು. ಕೃಷ್ಣಮಾಚಾರ್ಯರಿಗೆ ಸಂಸ್ಕೃತ ಪಾಠಶಾಲೆಯಲ್ಲಿ ಕೆಲಸ ಸಿಕ್ಕಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ತೆರೆಯಿತು. ಕಲಿಯಲು ಬಂದವರಲ್ಲಿ ಹೆಚ್ಚಿನವರು ಹುಡುಗರು.

ಪ್ರಶಿಕ್ಷಣಾರ್ಥಿಗಳಾದ ನಾವು ಗಮನಿಸಬೇಕಾದದ್ದು ಅವರ ಬೋಧನಾ ಕ್ರಮವನ್ನು. ಓಡಾಡುವ ವಯಸ್ಸಿನ ಹುಡುಗರನ್ನು ಕಣ್ಣು ಮುಚ್ಚಿ ಕೂರಿಸಲಿಲ್ಲ. ಉಸಿರಿಗೆ ತಕ್ಕಂತೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಸಾಗುವ ಚಲನೆಯ ಸರಣಿಗಳನ್ನು ಮಾಡಿಸಿದರು. 1934ರಲ್ಲಿ ಕನ್ನಡದಲ್ಲೇ ಯೋಗ ಮಕರಂದ ಎಂಬ ಪುಸ್ತಕ ಬರೆದರು. 1941ರ ಯೋಗಾಸನಗಳು ಎಂಬ ಪುಸ್ತಕದಲ್ಲಿ ಆಸನಗಳನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಸರಳದಿಂದ ಸಂಕೀರ್ಣಕ್ಕೆ ಎಂದು ನಾವು ಪಾಠ ಯೋಜನೆಯಲ್ಲಿ ಬರೆಯುವ ಸೂತ್ರವೇ ಇಲ್ಲಿಯೂ ಇದೆ. ಊಟದಲ್ಲಿ ಮಿತಾಹಾರದ ನಿಯಮ: ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಗಾಳಿಯಾಡಲು.

ಈ ಕಥೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. 1934ರಲ್ಲಿ ನಾಮಗಿರಿಯಮ್ಮನವರ ತಮ್ಮ, ಬೆಳ್ಳೂರಿನ ಹುಡುಗ ಸುಂದರರಾಜ ಮೈಸೂರಿಗೆ ಬಂದ. ಇನ್‌ಫ್ಲುಯೆಂಜಾ ಜಗತ್ತನ್ನೇ ಕಾಡಿದ 1918ರಲ್ಲಿ ಹುಟ್ಟಿದವನು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಕಡ್ಡಿಯಂಥ ಮೈ. ಆತನೇ ಮುಂದಿನ ಬಿ.ಕೆ.ಎಸ್. ಅಯ್ಯಂಗಾರ್. ಭಾವನ ಶಿಸ್ತು ಎಷ್ಟು ಕಠಿಣವಾಗಿತ್ತು, ಸಿದ್ಧವಾಗಿರದ ಮೈಯಿಂದ ಕಷ್ಟದ ಆಸನ ಮಾಡಿಸಿದ್ದರಿಂದ ತಮಗೆ ಎಂಥ ನೋವಾಯಿತು ಎಂಬುದನ್ನು ಅಯ್ಯಂಗಾರರು ಮುಂದೆ ಹೇಳಿಕೊಂಡಿದ್ದಾರೆ. ಅದೇ ಅಭ್ಯಾಸದಿಂದ ಆರೋಗ್ಯ ಪಡೆದದ್ದನ್ನೂ ಹೇಳಿದ್ದಾರೆ. ಎರಡೂ ನಿಜ.

ಮದರಾಸಿನ ದಿನಗಳು

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯಾನಂತರ ಅರಮನೆಯ ಆಸರೆ ಕರಗಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಗುರು 1952ರಲ್ಲಿ ಮದರಾಸಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅಲ್ಲಿ ಅವರ ಬಳಿಗೆ ಬಂದವರು ಚಟುವಟಿಕೆಯ ಹುಡುಗರಲ್ಲ. ರೋಗಿಗಳು, ವಯಸ್ಸಾದವರು, ಮೈ ಬಗ್ಗದವರು. ಅವರಿಗಾಗಿ ಕಲಿಸುವ ರೀತಿಯನ್ನೇ ಬದಲಿಸಿದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಡಿ, ಉಸಿರು, ಊಟ, ಕೆಲಸ ವಿಚಾರಿಸಿ, ಅವರವರಿಗೆ ತಕ್ಕ ಅಭ್ಯಾಸ ಹೇಳಿಕೊಟ್ಟರು. ವ್ಯಕ್ತಿಗೆ ತಕ್ಕಂತೆ ಯೋಗವೇ ಹೊರತು ಯೋಗಕ್ಕೆ ತಕ್ಕಂತೆ ವ್ಯಕ್ತಿಯಲ್ಲ ಎಂಬುದು ಅವರ ಕೊನೆಯ ದಶಕಗಳ ನಿಲುವು. ಮಗ ದೇಶಿಕಾಚಾರ್ 1976ರಲ್ಲಿ ತಂದೆಯ ಹೆಸರಿನಲ್ಲಿ ಯೋಗ ಮಂದಿರ ಸ್ಥಾಪಿಸಿದರು. ನೂರು ವರ್ಷ ಪೂರೈಸಿ 1989ರಲ್ಲಿ ಕೃಷ್ಣಮಾಚಾರ್ಯರು ತೀರಿಕೊಂಡರು.

ನಮ್ಮ ತರಗತಿಗೆ

ನಾಲ್ಕು ತಾಲ್ಲೂಕುಗಳಿಂದ ಸಂಜೆ ಮರಳುತ್ತಿದ್ದ ನಮ್ಮ ಮಾತಿನಲ್ಲಿ ಎರಡು ಚಿತ್ರಗಳು ಬರುತ್ತಿದ್ದವು. ಎಚ್.ಡಿ. ಕೋಟೆಯ ಹಾಡಿಗಳ ಕಡೆಗೆ ಹೋದವರು ತೂಕ ಸಾಲದ ಮಕ್ಕಳ ಬಗ್ಗೆ ಹೇಳುತ್ತಿದ್ದರು. ಪೇಟೆ ಹತ್ತಿರದ ಶಾಲೆಗಳಿಗೆ ಹೋದ ನಾವು ಬೇಕರಿ ತಿಂಡಿ, ಐದು ರೂಪಾಯಿಯ ಕುರುಕಲು ಪೊಟ್ಟಣ, ಆಟೋದಲ್ಲೇ ಬಂದು ಆಟೋದಲ್ಲೇ ಹೋಗುವ ಮಕ್ಕಳ ಬಗ್ಗೆ ಹೇಳುತ್ತಿದ್ದೆವು. ಒಂದೇ ಜಿಲ್ಲೆಯಲ್ಲಿ ಎರಡೂ ಇರುವಾಗ ಕಡಿಮೆ ತಿನ್ನಿ ಎಂಬ ಒಂದೇ ಪಾಠ ಎಲ್ಲರಿಗೂ ಒಗ್ಗುವುದಿಲ್ಲ.

ನನ್ನ ಶಾಲೆಯಲ್ಲಿ ದಪ್ಪಗಿದ್ದ ಹುಡುಗನೊಬ್ಬನಿಗೆ ಆಟದ ಅವಧಿಯಲ್ಲಿ ಅಂಕ ಬರೆಯುವ ಕೆಲಸ ಕಾಯಂ ಆಗಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ಆದರೆ ಓಡಾಟ ಯಾರಿಗೆ ಹೆಚ್ಚು ಬೇಕೋ ಅವನೇ ಕಲ್ಲಿನ ಮೇಲೆ ಕೂತಿದ್ದ. ಒಲ್ಲದ ಮೈಯನ್ನು ಒತ್ತಾಯದಿಂದ ಬಗ್ಗಿಸುವುದೂ ಕೂಡದು, ಬಗ್ಗದೆಂದು ಬಿಟ್ಟುಬಿಡುವುದೂ ಕೂಡದು. ಮೈಸೂರಿನ ಯೋಗಶಾಲೆಯಿಂದ ಮದರಾಸಿನ ಕೋಣೆಯವರೆಗಿನ ಆ ಬದುಕು ನನಗೆ ಕಲಿಸಿದ್ದು ಇದನ್ನೇ. ದೈಹಿಕ ಶಿಕ್ಷಕರೊಂದಿಗೆ ಮಾತಾಡಿ ಲಗೋರಿ, ಕುಂಟೆಬಿಲ್ಲೆಯಂತಹ ಸಣ್ಣ ಗುಂಪಿನ ಆಟಗಳನ್ನು ಸೇರಿಸಿದೆವು. ಅಂಕ ಬರೆಯುವ ಸರದಿ ಎಲ್ಲರಿಗೂ ಬರುವಂತಾಯಿತು.

ಇದೇ ಪಾಠ ಮಾಡಲಿರುವ ಮಿತ್ರರಿಗೆ ಕೆಲವು ಸಂಗತಿಗಳು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಕೆಲವೇ ಇರುವ ಆಟದ ಅವಧಿಯನ್ನು ಗಣಿತದ ಪೋರ್ಷನ್ ಮುಗಿಸಲು ಕೇಳಬೇಡಿ. ಮಧ್ಯಾಹ್ನದ ಬಿಸಿಯೂಟ ಪ್ರಾಥಮಿಕ ಹಂತಕ್ಕೆ 450 ಕಿಲೋ ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕಕ್ಕೆ 700 ಕಿಲೋ ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಕೊಡಬೇಕೆಂಬ ಲೆಕ್ಕದಲ್ಲಿದೆ. ಸಾಂಬಾರಿನ ಬೇಳೆಕಾಳಿನಲ್ಲಿ, ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನ್ ಇದೆ. ಅನ್ನ ಮಾತ್ರ ತಿಂದು ತರಕಾರಿಯನ್ನು ಬದಿಗಿಡುವ ಮಕ್ಕಳನ್ನು ಗಮನಿಸಿ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ನಿಯಮ ಹೇಳುತ್ತದೆ. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಪ್ರಸ್ತಾಪಿಸಬಹುದು.

ಇನ್ನು ತೂಕ ನೋಡುವ ಚಟುವಟಿಕೆ. ಮಕ್ಕಳ ದೇಹ ತೂಕ ಸೂಚ್ಯಂಕವನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿಯಲ್ಲಿ ನೋಡಬೇಕೇ ಹೊರತು ದೊಡ್ಡವರ ಮಿತಿಗೆ ಹೋಲಿಸಬಾರದು. ತರಗತಿಯ ಮುಂದೆ ಯಾರ ಅಂಕಿಯನ್ನೂ ಓದಬೇಡಿ. ಲೆಕ್ಕ ಕಲಿಸಲು ಕಲ್ಪಿತ ಉದಾಹರಣೆಯೇ ಸಾಕು. ಮಗುವಿನ ಸ್ವಂತ ಅಂಕಿಯನ್ನು ಮಗುವಿಗೂ ಮನೆಯವರಿಗೂ ಮಾತ್ರ, ಒಬ್ಬೊಬ್ಬರಿಗೇ ತಿಳಿಸಿ.