ಬಿ.ಎ. ಓದಿ ವಕೀಲರಾದ ಆಲೂರು ವೆಂಕಟರಾಯರು

ಕನ್ನಡದ ಕುಲಪುರೋಹಿತರೆಂದು ಖ್ಯಾತರಾದ ಆಲೂರು ವೆಂಕಟರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1903ರಲ್ಲಿ ಬಿ.ಎ., ತರುವಾಯ 1905ರಲ್ಲಿ ಮುಂಬಯಿಯಿಂದ ಕಾನೂನು ಪದವಿ ಪಡೆದರು. ಪುಣೆಯಲ್ಲಿ ಮರಾಠಿಗರ ಭಾಷಾಭಿಮಾನವನ್ನು ಕಂಡ ಅವರನ್ನು ಕನ್ನಡಿಗರ ಮರೆವು ಬಾಧಿಸಿತು. ಹಂಪೆಯ ದರ್ಶನವು ಆ ನೋವನ್ನು ಸಂಕಲ್ಪವಾಗಿಸಿತು.

ಧಾರವಾಡದಲ್ಲಿ ವಕೀಲಿ ಆರಂಭಿಸಿದರೂ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರ ಏಕೀಕರಣವೇ ಅವರ ಬಾಳಿನ ವ್ಯಾಜ್ಯವಾಯಿತು. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಇತಿಹಾಸದಿಂದ ಆಯ್ದು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ‘ವಾಗ್ಭೂಷಣ’, ‘ಜಯಕರ್ನಾಟಕ’ ಪತ್ರಿಕೆಗಳ ಮೂಲಕ ಜನರನ್ನು ಎಚ್ಚರಿಸಿದರು. 1956ರ ನವೆಂಬರ್ 1ರಂದು ರಾಜ್ಯವು ಉದಯಿಸಿತು. ಆದರೆ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ನಾವು ಹೊರಗುಳಿದೆವು. 1964ರ ಫೆಬ್ರವರಿ 25ರಂದು ರಾಯರು ನಿಧನರಾದರು.

ಪಾಲಕರೇ, ಯಾವುದೇ ಪದವಿಯ ಬಳಿಕ ಮೂರು ವರ್ಷಗಳ ಎಲ್‌ಎಲ್.ಬಿ. ಓದುವ ದಾರಿ ಇಂದಿಗೂ ಇದೆ. ಇತಿಹಾಸ, ರಾಜ್ಯಶಾಸ್ತ್ರ, ಭಾಷೆಗಳನ್ನು ಕಲಿಸುವ ಬಿ.ಎ.ಯನ್ನು ಕೀಳೆಂದು ಭಾವಿಸದಿರಿ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಸಂವಿಧಾನದ 29, 30 ಹಾಗೂ 350ಎ ವಿಧಿಗಳಲ್ಲಿವೆ. ನಮ್ಮ ಶಾಲೆಗಳ ಪರವಾಗಿ ಅವುಗಳನ್ನು ನ್ಯಾಯಾಲಯದಲ್ಲಿ ವಾದಿಸಬಲ್ಲವರು ನಮ್ಮ ಮನೆಗಳಿಂದಲೇ ಬರಬೇಕಾಗಿದೆ.