ಗಂಧಕಕ್ಕೂ ತೂಕದ ಗುರುತುಂಟು: ಹೆರಾಲ್ಡ್ ಯೂರಿ

ನಮ್ಮ ಸಂಘದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಇದ್ದೀವಿ. ಶೇಂಗಾ ಹೊಲಕ್ಕೆ ಜಿಪ್ಸಮ್ ಹಾಕೋದು ನಮಗೆ ಹೊಸದಲ್ಲ. ಅದರಲ್ಲಿ ಗಂಧಕ ಇದೆ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಉರಿಯೋ ಕಲ್ಲಿದ್ದಲಲ್ಲೂ ಇದೆ, ಕಲ್ಲಿನೊಳಗಿನ ಪೈರೈಟ್‌ನಲ್ಲೂ ಇದೆ. ಹಾಗಾದ್ರೆ ಗುಡೇಕೋಟೆ ಕಾಡಿನಿಂದ ಹರಿದು ಬರೋ ಹಳ್ಳದ ನೀರಲ್ಲಿ ಸಲ್ಫೇಟ್ ಸಿಕ್ಕರೆ ಅದು ಯಾವುದರದ್ದು ಅಂತ ಹೇಗೆ ಹೇಳೋದು? ಸಾಮಾನ್ಯ ಲ್ಯಾಬ್ ಪರೀಕ್ಷೆಗೆ ಎಲ್ಲಾ ಸಲ್ಫೇಟೂ ಒಂದೇ. ಪರಮಾಣುಗಳ ತೂಕ ನೋಡಬೇಕು. ಆ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಹೆರಾಲ್ಡ್ ಯೂರಿ ಮುಖ್ಯರು.

ಯೂರಿ ಹುಟ್ಟಿದ್ದು 1893ರಲ್ಲಿ, ಅಮೆರಿಕದ ಇಂಡಿಯಾನಾದ ಒಂದು ಹಳ್ಳಿಯಲ್ಲಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹೈಸ್ಕೂಲ್ ಮುಗಿಸಿ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾದರು. ಮೊದಲ ಡಿಗ್ರಿ ಪ್ರಾಣಿಶಾಸ್ತ್ರದಲ್ಲಿ! ಬ್ರಾಂಚ್ ತಪ್ಪಿತು ಅಂತ ಕೊರಗೋ ನಮ್ಮಂಥವರು ಇದನ್ನ ನೆನಪಿಟ್ಟುಕೊಳ್ಳಬಹುದು.

1931ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಭಾರವಾದ ಹೈಡ್ರೋಜನ್ ಇರಲೇಬೇಕು ಅಂತ ಹುಡುಕೋಕೆ ಹೊರಟರು. ಬ್ರಿಕ್‌ವೆಡ್ಡೆ ದ್ರವ ಹೈಡ್ರೋಜನನ್ನು ನಿಧಾನವಾಗಿ ಆವಿಯಾಗಿಸಿ, ಉಳಿದದ್ದನ್ನು ಕಳಿಸಿಕೊಟ್ಟರು. ಯೂರಿ ಮತ್ತು ಮರ್ಫಿ ಅದರ ಸ್ಪೆಕ್ಟ್ರಮ್‌ನಲ್ಲಿ ಡ್ಯೂಟೀರಿಯಮ್‌ನ ಮಂದ ಗೆರೆ ಕಂಡರು. 1934ರ ನೊಬೆಲ್ ಯೂರಿ ಒಬ್ಬರಿಗೇ ಬಂತು. ಹಣವನ್ನು ಆ ಇಬ್ಬರ ಜೊತೆ ಹಂಚಿಕೊಂಡರು.

ಆಮೇಲೆ ಯುದ್ಧ. ಐಸೊಟೋಪ್ ಬೇರ್ಪಡಿಸೋದು ಗೊತ್ತಿದ್ದವರನ್ನು ಸುಮ್ಮನೆ ಬಿಡ್ತಾರಾ? ಅಣುಬಾಂಬಿಗಾಗಿ ಯುರೇನಿಯಂ ಬೇರ್ಪಡಿಸುವ ಕೆಲಸಕ್ಕೆ ಯೂರಿ ಮುಂದಾಳಾದರು. 1945ರ ಮೇ ತಿಂಗಳಲ್ಲಿ ಸಿಲಾರ್ಡ್ ಜೊತೆ ಅಮೆರಿಕದ ಅಧ್ಯಕ್ಷರನ್ನು ಕಂಡು ಎಚ್ಚರಿಸೋಕೆ ಹೋದರು. ಭೇಟಿ ಸಿಗಲಿಲ್ಲ, ಬರ್ನ್ಸ್ ಎಂಬ ನಾಯಕರ ಮನೆಗೆ ಕಳಿಸಿದರು. ಮಾತು ನಡೆಯಲಿಲ್ಲ. ಆಗಸ್ಟ್‌ನಲ್ಲಿ ಬಾಂಬ್ ಬಿತ್ತು. ಮುಂದೆ ಅಣ್ವಸ್ತ್ರಗಳ ವಿರುದ್ಧ ಬಹಿರಂಗವಾಗಿ ಮಾತಾಡಿದರು. ನಮಗೆ ಅವರ ಬದುಕಿನಲ್ಲಿ ಅತಿ ಕಷ್ಟದ ಭಾಗ ಇದೇ ಅನ್ಸುತ್ತೆ.

ಶಿಕಾಗೊಗೆ ಹೋದ ಯೂರಿ 1947ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದೇ ಧಾತುವಿನ ಹಗುರ ಮತ್ತು ಭಾರದ ಪರಮಾಣುಗಳು ರಾಸಾಯನಿಕ ಕ್ರಿಯೆಯಲ್ಲಿ ಸ್ವಲ್ಪ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ, ಅದನ್ನು ಮೊದಲೇ ಲೆಕ್ಕ ಹಾಕಬಹುದು ಅನ್ನೋದು ಅದರ ಸಾರ. ಹಿಂದೆ ಅವರ ಲ್ಯಾಬಿನಲ್ಲಿದ್ದ ಕೆನಡಾದ ಹ್ಯಾರಿ ಥೋಡ್ 1949ರ ಹೊತ್ತಿಗೆ ನಿಸರ್ಗದ ಗಂಧಕದಲ್ಲೇ ಈ ವ್ಯತ್ಯಾಸ ತೋರಿಸಿದರು. ಗಂಧಕದಲ್ಲಿ ಸುಮಾರು 95% ಗಂಧಕ-32, ಸುಮಾರು 4% ಗಂಧಕ-34. ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಹಗುರದ್ದನ್ನೇ ಮೊದಲು ಬಳಸುತ್ತವೆ. ಉಳಿದ ಸಲ್ಫೇಟ್ ಭಾರವಾಗುತ್ತೆ. ಹಾಗಾಗಿ ಹಳ್ಳದ ನೀರೊಂದನ್ನೇ ಅಳೆದರೆ ಸಾಲದು. ಮಳೆನೀರು, ಜಿಪ್ಸಮ್, ಕಲ್ಲು, ಕಾಡಿನ ಮಣ್ಣು ಎಲ್ಲವನ್ನೂ ಅಳೆಯಬೇಕು. ಎರಡು ಮೂಲಗಳ ಅನುಪಾತ ಒಂದೇ ಆಗಿಬಿಟ್ಟರೆ ಈ ದಾರಿ ಕೈಕೊಡುತ್ತೆ; ಆಗ ಸಲ್ಫೇಟ್‌ನ ಆಮ್ಲಜನಕದ ಐಸೊಟೋಪನ್ನೂ ನೋಡ್ತಾರೆ.

ಯೂರಿ ಗಂಧಕದ ಹತ್ತಿರ ನಿಲ್ಲಲಿಲ್ಲ. ಚಿಪ್ಪುಗಳ ಆಮ್ಲಜನಕದಿಂದ ಪ್ರಾಚೀನ ಸಮುದ್ರದ ಉಷ್ಣತೆ ಕಂಡುಹಿಡಿಯುವ ದಾರಿ ತೋರಿಸಿದರು. 1953ರಲ್ಲಿ ಶಿಷ್ಯ ಮಿಲ್ಲರ್ ಜೀವದ ಮೂಲದ ಬಗ್ಗೆ ಪ್ರಯೋಗ ಮಾಡಿದಾಗ, ಪ್ರಬಂಧದಲ್ಲಿ ತಮ್ಮ ಹೆಸರೇ ಬೇಡ ಅಂದುಬಿಟ್ಟರು, ಹುಡುಗನಿಗೆ ಸಿಗಬೇಕಾದ ಹೆಸರು ತಮಗೆ ಬರುತ್ತೆ ಅಂತ. ಆಮೇಲೆ ಚಂದ್ರನ ಹುಚ್ಚು ಹಿಡಿಯಿತು. ಅಪೊಲೊ ಕಲ್ಲುಗಳು ಭೂಮಿಗೆ ಬಂದಾಗ ಅವರಿಗೆ 76 ವರ್ಷ. 1981ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ತೀರಿಕೊಂಡರು.