ಹರಳೆಣ್ಣೆಯಿಂದ ಹೆಸರಾದ ವೇಕ್‌ಫೀಲ್ಡ್

ತಲೆಗೆ ಹಚ್ಚುವ ಹರಳೆಣ್ಣೆಯನ್ನು ನಾವೆಲ್ಲರೂ ಬಲ್ಲೆವು. ಅದನ್ನು ಮೋಟಾರು ಎಂಜಿನ್ನಿನ ಎಣ್ಣೆಗೆ ಬೆರೆಸಿ ಹೆಸರಾದವನು ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್.

ಈತನು 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. ಎಣ್ಣೆಯ ಕಂಪೆನಿಯೊಂದರಲ್ಲಿ ನೌಕರನಾಗಿದ್ದು, 1899ರಲ್ಲಿ ಲಂಡನ್ನಿನಲ್ಲಿ ಸ್ವಂತ ಕಂಪೆನಿಯನ್ನು ತೆರೆದನು. ಮೊದಲು ರೈಲು ಹಾಗೂ ಭಾರಿ ಯಂತ್ರಗಳ ಎಣ್ಣೆಯನ್ನು ಮಾರುತ್ತಿದ್ದನು. ಆಮೇಲೆ ಮೋಟಾರು, ವಿಮಾನಗಳು ಬಂದವು. ಅವುಗಳ ಎಣ್ಣೆಯು ಚಳಿಯಲ್ಲಿ ಹೊರಡುವಾಗ ಸಲೀಸಾಗಿ ಹರಿಯಬೇಕು. ಎಂಜಿನ್ನು ಕಾದಾಗ ತೀರ ನೀರಾಗಬಾರದು. ಹರಳೆಣ್ಣೆಯನ್ನು ಹದವಾಗಿ ಬೆರೆಸಿ ಈತನ ಕಂಪೆನಿಯವರು ಈ ಗುಣವನ್ನು ಸಾಧಿಸಿದರು. 1909ರಲ್ಲಿ ಬಂದ ಆ ಎಣ್ಣೆಗೆ, ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟರು.

ಗಳಿಸಿದ ಹಣದಲ್ಲಿ ಈತನು ಸಾಹಸಿಗಳಿಗೂ ಪಾಲು ಕೊಟ್ಟನು. ಆಮಿ ಜಾನ್ಸನ್ ಎಂಬ ತರುಣಿಯು ಒಬ್ಬಳೇ ಆಸ್ಟ್ರೇಲಿಯಕ್ಕೆ ಹಾರಲು ನಿಶ್ಚಯಿಸಿದಾಗ, ಆಕೆಯ ತಂದೆಯೂ ವೇಕ್‌ಫೀಲ್ಡನೂ ವಿಮಾನಕ್ಕೆ ಹಣ ಒದಗಿಸಿದರು. ಆಕೆ 1930ರ ಮೇ 5ರಂದು ಇಂಗ್ಲೆಂಡಿನಿಂದ ಹೊರಟು, 24ರಂದು ಡಾರ್ವಿನ್ ನಗರವನ್ನು ಮುಟ್ಟಿದಳು.

ವೇಕ್‌ಫೀಲ್ಡನು 1941ರಲ್ಲಿ ತೀರಿಕೊಂಡನು. 1960ರಲ್ಲಿ ಕಂಪೆನಿಯೂ ತನ್ನ ಎಣ್ಣೆಯ ಹೆಸರನ್ನೇ ತಾಳಿತು.

ಸಾಮಾನ್ಯ ವಸ್ತುವಿನ ಗುಣವನ್ನು ಅರಿಯುವುದು, ಪರರ ಧೈರ್ಯಕ್ಕೆ ನೆರವಾಗುವುದು – ಇವೆರಡನ್ನೂ ನಾವು ಈತನ ಬಾಳಿನಿಂದ ಕಲಿಯಬಹುದು.